ತಾಯಿ ಹುಳು ಮನೆ ನೋಡುವ ಬಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಲವು ಟೊಮೆಟೊ ತೋಟಗಳ ನಡುವೆ ಚೆಂಡುಹೂವಿನ ಸಾಲು ಕಾಣುತ್ತದೆ. ಹದಿನೈದೋ ಹದಿನಾರೋ ಸಾಲು ಟೊಮೆಟೊ, ಆಮೇಲೆ ಎತ್ತರಕ್ಕೆ ಬೆಳೆಯುವ ಜಾತಿಯ ಚೆಂಡುಹೂವಿನ ಒಂದೇ ಒಂದು ಸಾಲು, ಮತ್ತೆ ಟೊಮೆಟೊ. ಹಬ್ಬಕ್ಕೆ ಹೂ ಮಾರುವುದಷ್ಟೇ ಉದ್ದೇಶವಾಗಿದ್ದರೆ ಹೀಗೆ ಲೆಕ್ಕ ಹಿಡಿದು ಒಂದೊಂದೇ ಸಾಲು ಹಾಕುತ್ತಿರಲಿಲ್ಲ. ಯಾಕೆ ಹಾಕಿದ್ದೀರಿ ಎಂದು ಕೇಳಿದರೆ ಸಿಗುವ ಉತ್ತರ ನಮಗೆಲ್ಲ ಅರ್ಧ ಗೊತ್ತಿರುವಂಥದೇ: "ಅದರ ವಾಸನೆಗೆ ಹುಳ ಹತ್ರ ಬರಲ್ಲ." ಮನೆಯ ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರೂ ಇದನ್ನೇ ಹೇಳುತ್ತಾರೆ. ಚೆಂಡುಹೂವಿನ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿದ ಯಾರಿಗಾದರೂ ಈ ಮಾತು ನಂಬುವಂತೆಯೇ ಇದೆ.

ಆದರೆ ಆ ಸಾಲಿನಿಂದ ಅರಳಿದ ಹೂವೊಂದನ್ನು ಕಿತ್ತು ಎಸಳು ಬಿಡಿಸಿ ನೋಡಿ. ಒಳಗೆ ಹಸಿರೋ ಕಂದೋ ಬಣ್ಣದ, ಪಕ್ಕೆಯುದ್ದಕ್ಕೂ ತಿಳಿ ಗೆರೆ ಇರುವ ಹುಳು ಸಿಕ್ಕುವ ಸಂಭವ ಚೆನ್ನಾಗಿಯೇ ಇದೆ. ಟೊಮೆಟೊ ಕಾಯಿಗೆ ತೂತು ಹಾಕಿ, ತಲೆಯನ್ನು ಒಳಗೆ ತೂರಿಸಿ, ಮೈಯನ್ನು ಹೊರಗೇ ಬಿಟ್ಟು ತಿನ್ನುವ ಕಾಯಿಕೊರಕ ಇದೇ. ವಿಜ್ಞಾನಿಗಳು ಹೆಲಿಕೋವರ್ಪಾ ಎನ್ನುತ್ತಾರೆ. ಕಲಬುರಗಿಯ ತೊಗರಿ ಬೆಳೆಗಾರರ ನಿದ್ದೆ ಕೆಡಿಸುವ ಕೀಡೆಯೂ ಇದೇ. ಯಾವ ಹುಳುವನ್ನು ದೂರವಿಡಲು ಚೆಂಡುಹೂ ಹಾಕಿದ್ದಾರೋ ಅದೇ ಹುಳು ಚೆಂಡುಹೂವಿನೊಳಗೆ ಹಾಯಾಗಿ ತಿನ್ನುತ್ತಾ ಕುಳಿತಿದೆ. ಹಾಗಾದರೆ ಈ ಸಾಲು ಮಾಡುತ್ತಿರುವ ಕೆಲಸವಾದರೂ ಏನು?

ಓಡಿಸುವುದಲ್ಲ, ಕರೆಯುವುದು

ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಕೀಟವಿಜ್ಞಾನಿಗಳಾದ ಕೆ. ಶ್ರೀನಿವಾಸನ್, ಪಿ. ಎನ್. ಕೃಷ್ಣಮೂರ್ತಿ ಮತ್ತು ಸಂಗಡಿಗರು ಟೊಮೆಟೊ ಸಾಲುಗಳ ನಡುವೆ ಚೆಂಡುಹೂ ಬೆಳೆಸಿ, ಕಾಯಿಕೊರಕ ಎಲ್ಲಿ ಮೊಟ್ಟೆ ಇಡುತ್ತದೆ ಎಂದು ನೋಡಿದರು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಹೂಬಿಟ್ಟ ಚೆಂಡುಹೂ ಹತ್ತಿರದಲ್ಲಿದ್ದರೆ ತಾಯಿ ಪತಂಗ ಟೊಮೆಟೊಗಿಂತ ಅದನ್ನೇ ಆರಿಸಿಕೊಳ್ಳುತ್ತಿತ್ತು. ಟೊಮೆಟೊ ಗಿಡದ ಮೇಲೆ ಮೊಟ್ಟೆ, ಮರಿಹುಳು ಎರಡೂ ಕಡಿಮೆಯಾದವು. ಹುಳು ಎಲ್ಲಿಗೂ ಓಡಿಹೋಗಿರಲಿಲ್ಲ, ಪಕ್ಕದ ಸಾಲಿಗೆ ಹೋಗಿತ್ತು ಅಷ್ಟೆ. ಇಂಥ ಬೆಳೆಯನ್ನು ನಾವು ಬಲೆಬೆಳೆ ಎನ್ನೋಣ.

ಇದು ಗೊತ್ತಾದ ಮೇಲೆ ಶಿಫಾರಸಿನಲ್ಲಿರುವ ಲೆಕ್ಕಗಳು ಒಂದೊಂದಾಗಿ ಅರ್ಥವಾಗತೊಡಗುತ್ತವೆ. 25 ದಿನದ ಟೊಮೆಟೊ ಸಸಿಯ ಜೊತೆಗೆ 40 ದಿನದ ಚೆಂಡುಹೂವಿನ ಸಸಿಯನ್ನು ನಾಟಿ ಮಾಡಬೇಕು, 16 ಸಾಲಿಗೆ ಒಂದು ಸಾಲು ಸಾಕು ಎನ್ನುತ್ತಾರೆ. ಹದಿನೈದು ದಿನದ ಈ ವ್ಯತ್ಯಾಸ ಯಾಕೆ? ಕಾಯಿಕೊರಕದ ಪತಂಗ ಸಂಜೆ ಕವಿದ ಮೇಲೆ ಚುರುಕಾಗುತ್ತದೆ, ಹೂವಿನ ಮಕರಂದ ಕುಡಿಯುತ್ತದೆ, ಹೂಬಿಡುವ ಹಂತದ ಗಿಡವನ್ನೇ ಹುಡುಕಿ ಒಂದೊಂದಾಗಿ ಮೊಟ್ಟೆ ಇಟ್ಟು ಮುಂದೆ ಸಾಗುತ್ತದೆ. ಟೊಮೆಟೊ ಹೂಬಿಡುವ ಹೊತ್ತಿಗೆ ಚೆಂಡುಹೂವೂ ಅರಳಿರಬೇಕು. ಎರಡನ್ನೂ ಒಂದೇ ದಿನ ಮಡಿಯಲ್ಲಿ ಬಿತ್ತಿದರೆ ಟೊಮೆಟೊ ಮುಂದಾಗಿ, ಚೆಂಡುಹೂ ಇನ್ನೂ ಬರೀ ಹಸಿರೆಲೆಯಾಗಿ ನಿಂತಿರುತ್ತದೆ. ಚೆಂಡುಹೂ ಹಾಕಿದರೂ ಏನೂ ಉಪಯೋಗವಾಗಲಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದೇ ಸಸಿಯ ವಯಸ್ಸನ್ನು. ವಾಸನೆಯಿಂದಲೇ ಕೆಲಸ ಆಗುವುದಾಗಿದ್ದರೆ ಎಲೆ ಸಾಕಿತ್ತು, ಹೂ ಬೇಕಿರಲಿಲ್ಲ.

ಆರಿಸುವವಳು ತಾಯಿ

ಗಿಡವನ್ನು ತಿನ್ನುವುದು ಮರಿಹುಳು. ಆದರೆ ಯಾವ ಗಿಡವನ್ನು ತಿನ್ನಬೇಕು ಎಂಬ ತೀರ್ಮಾನ ಅದರದ್ದಲ್ಲ. ಮೊಟ್ಟೆಯೊಡೆದು ಬರುವಾಗ ಅದು ನೂಲಿನ ತುಂಡಿನಷ್ಟಿರುತ್ತದೆ. ಪಕ್ಕದ ಗಿಡ ಅದರ ಪಾಲಿಗೆ ಬೇರೊಂದು ಊರು. ಇಟ್ಟ ಜಾಗದಲ್ಲಿ ಊಟ ಇದ್ದರೆ ಬದುಕು, ಇಲ್ಲದಿದ್ದರೆ ಸಾವು. ಆದ್ದರಿಂದ ಎಲ್ಲ ಹೊಣೆಯೂ ರೆಕ್ಕೆಯಿರುವ ತಾಯಿಯ ಮೇಲೆ ಬೀಳುತ್ತದೆ. ನಾವು ಔಷಧಿ ಹೊಡೆಯುವುದು ಮರಿಗೆ. ಜೊತೆಗಿಡ ಕೆಲಸ ಮಾಡುವುದು ಒಂದು ಹೆಜ್ಜೆ ಮುಂಚೆ, ತಾಯಿಯ ಆಯ್ಕೆಯ ಮೇಲೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ತಾಯಿ ಹೇಗೆ ಗುರುತು ಹಿಡಿಯುತ್ತಾಳೆ? ಕಣ್ಣು, ಮೀಸೆ, ಕಾಲು ಈ ಮೂರೂ ಬೇಕು. ದೂರದಿಂದ ಗಾಳಿಯಲ್ಲಿ ಬಂದ ಗಿಡದ ವಾಸನೆ "ಇಲ್ಲೆಲ್ಲೋ ಇದೆ" ಎಂದಷ್ಟೇ ತಿಳಿಸುತ್ತದೆ. ಹತ್ತಿರ ಬಂದಾಗ ಹಸಿರು ಕಂಡಲ್ಲಿ ಇಳಿಯುತ್ತಾಳೆ. ಇಳಿದ ಮೇಲೆ ಅಂಗಾಲಿನಿಂದ ಎಲೆಯ ರುಚಿ ನೋಡುತ್ತಾಳೆ. ಹಲವು ಪತಂಗ, ಚಿಟ್ಟೆ, ನೊಣಗಳ ಕಾಲಿನ ತುದಿಯಲ್ಲಿ ರುಚಿ ತಿಳಿಯುವ ಸೂಕ್ಷ್ಮ ರೋಮಗಳಿವೆ.

ಈ ರುಚಿ ಎಂಥದೆಂದು ತಿಳಿಯಲು ಸಾಸಿವೆಯೇ ಒಳ್ಳೆಯ ದಾರಿ. ಒಣ ಸಾಸಿವೆ ಕಾಳಿಗೆ ಘಾಟಿಲ್ಲ. ಉಪ್ಪಿನಕಾಯಿಗೆಂದು ನೀರು ಹಾಕಿ ಅರೆದ ಕೂಡಲೇ ಮೂಗಿಗೆ ಏರುತ್ತದೆ. ಕಾಳಿನೊಳಗೆ ಬೇರೆಬೇರೆಯಾಗಿ ಕೂಡಿಟ್ಟಿದ್ದ ಎರಡು ವಸ್ತುಗಳು ಅರೆದಾಗ ಕಲೆತು ಘಾಟನ್ನು ಹುಟ್ಟಿಸುತ್ತವೆ. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಕುಟುಂಬ. ಎಲ್ಲದರ ಎಲೆಯಲ್ಲೂ ಈ ಘಾಟಿನ ಸರಕು ಇದೆ. ಕಂಡಕಂಡ ಹುಳು ತಿನ್ನದಿರಲಿ ಎಂದು ಗಿಡ ಮಾಡಿಕೊಂಡ ರಕ್ಷಣೆ ಅದು. 1910ರಲ್ಲಿ ಡಚ್ ಸಸ್ಯವಿಜ್ಞಾನಿ ವರ್ಷಾಫೆಲ್ಟ್ ಒಂದು ಸರಳ ಪ್ರಯೋಗ ಮಾಡಿದರು. ಕೋಸು ತಿನ್ನುವ ಬಿಳಿ ಚಿಟ್ಟೆಯ ಮರಿಹುಳುಗಳ ಮುಂದೆ, ಅವು ಎಂದೂ ಮುಟ್ಟದ ಬೇರೆ ಗಿಡದ ಎಲೆಗೆ ಸಾಸಿವೆಯ ಘಾಟಿನ ಮೂಲವಸ್ತುವನ್ನು ಸವರಿ ಇಟ್ಟರು. ಅವು ತಿಂದವು. ಶತ್ರುವನ್ನು ದೂರವಿಡಲೆಂದು ಗಿಡ ಮಾಡಿಟ್ಟ ಘಾಟು, ಅದಕ್ಕೆ ಒಗ್ಗಿಹೋದ ಕೆಲವೇ ಹುಳುಗಳಿಗೆ ಮನೆಯ ವಿಳಾಸವಾಗಿಬಿಟ್ಟಿತ್ತು.

ನಾಲ್ಕು ಎಲೆಗಳ ಪರೀಕ್ಷೆ

ಈಗ ಇಂಗ್ಲೆಂಡಿಗೆ ಹೋಗಬೇಕು. ವೆಲ್ಸ್‌ಬರ್ನ್ ಎಂಬಲ್ಲಿನ ತರಕಾರಿ ಸಂಶೋಧನಾ ಕೇಂದ್ರದಲ್ಲಿ ಸ್ಟ್ಯಾನ್ ಫಿಂಚ್ ಮತ್ತು ರೋಸ್ಮರಿ ಕೋಲಿಯರ್ ಎಂಬ ಇಬ್ಬರು ಕೋಸಿನ ಬೇರುನೊಣದ ಹಿಂದೆ ಬಿದ್ದಿದ್ದರು. ಅದು ಕೋಸಿನ ಬುಡದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ಮರಿಗಳು ಬೇರು ತಿನ್ನುತ್ತವೆ. ಕೋಸಿನ ನಡುವೆ ಕ್ಲೋವರ್ ಎಂಬ, ನೆಲಕ್ಕೆ ಹಬ್ಬುವ ಮೇವಿನ ಗಿಡ ಬೆಳೆಸಿದರೆ ಈ ನೊಣದ ಕಾಟ ಕಡಿಮೆಯಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಕ್ಲೋವರ್‌ನ ವಾಸನೆ ಕೋಸಿನ ವಾಸನೆಯನ್ನು ಮರೆಮಾಚುತ್ತದೆ ಎನ್ನುವವರಿದ್ದರು. ಹುಳು ತಿನ್ನುವ ಹುಳುಗಳು ಹೆಚ್ಚುತ್ತವೆ ಎನ್ನುವವರೂ ಇದ್ದರು.

ಫಿಂಚ್ ಮತ್ತು ಕೋಲಿಯರ್ ನೊಣದ ನಡೆಯನ್ನೇ ಹೆಜ್ಜೆಹೆಜ್ಜೆಯಾಗಿ ಗಮನಿಸಿದರು. ಹೆಣ್ಣು ನೊಣ ಕೋಸಿನ ಎಲೆಯ ಮೇಲೆ ಇಳಿಯುತ್ತದೆ, ಓಡಾಡಿ ರುಚಿ ನೋಡುತ್ತದೆ. ಒಪ್ಪಿಗೆಯಾದರೂ ಕೂಡಲೇ ಮೊಟ್ಟೆ ಇಡುವುದಿಲ್ಲ. ಪುಟ್ಟ ಸುತ್ತು ಹಾರಿ ಮತ್ತೆ ಇಳಿಯುತ್ತದೆ, ಮತ್ತೆ ರುಚಿ ನೋಡುತ್ತದೆ. ಹೀಗೆ ಸುಮಾರು ನಾಲ್ಕು ಬಾರಿ ಸರಿಯಾದ ಎಲೆಯೇ ಸಿಕ್ಕಿದ ಮೇಲೆ ಮಾತ್ರ ಬುಡಕ್ಕಿಳಿದು ಮೊಟ್ಟೆ ಇಡುತ್ತದೆ. ನಡುವೆ ಒಮ್ಮೆ ತಪ್ಪು ಎಲೆಯ ಮೇಲೆ ಇಳಿದರೆ, ಅಲ್ಲಿ ಇನ್ನೂ ಹೆಚ್ಚು ಹೊತ್ತು ಕುಳಿತು, ಅಲ್ಲಿಯವರೆಗಿನ ಲೆಕ್ಕವೆಲ್ಲ ಅಳಿಸಿಹೋದಂತೆ ಎದ್ದು ಹೊರಟುಬಿಡುತ್ತದೆ.

ಮಗಳನ್ನು ಕೊಡುವ ಮುಂಚೆ ನಮ್ಮ ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಿದ್ದುದು ಹೀಗೆಯೇ. ಒಮ್ಮೆ ಹೋಗಿ ಅಂಗಳ ನೋಡಿ ಬರುವರು. ಇನ್ನೊಮ್ಮೆ ಕೊಟ್ಟಿಗೆ, ಬಾವಿ ನೋಡುವರು. ಅಕ್ಕಪಕ್ಕದಲ್ಲಿ ವಿಚಾರಿಸುವರು. ಮತ್ತೊಮ್ಮೆ ಊಟಕ್ಕೆ ಕುಳಿತು ಮನೆಯವರ ಮಾತು ಕೇಳುವರು. ಎಲ್ಲ ಸಲವೂ ಒಳ್ಳೆಯದೇ ಕಂಡರೆ ತಾಂಬೂಲ. ಒಂದು ಸಲ ಮನಸ್ಸು ಹಿಂಜರಿದರೂ ಹಿಂದಿನದೆಲ್ಲ ಬಿಟ್ಟು ಬೇರೆ ಊರಿನ ದಾರಿ ಹಿಡಿಯುವರು. ಕೊಟ್ಟ ಮೇಲೆ ಹಿಂದಕ್ಕೆ ಕರೆತರುವಂತಿಲ್ಲ ಎಂಬ ಭಯವೇ ಈ ಎಚ್ಚರಿಕೆಗೆಲ್ಲ ಕಾರಣ. ತಾಯಿ ನೊಣದ ಎಚ್ಚರಿಕೆಯ ಹಿಂದೆ ಇರುವುದೂ ಅದೇ ಕಾರಣ.

ಈಗ ಎರಡು ಹೊಲಗಳನ್ನು ನೋಡೋಣ. ಮೊದಲನೆಯದರಲ್ಲಿ ಕಳೆ ಒಂದೂ ಇಲ್ಲದಂತೆ ಕೆರೆದ ಕೆಂಪು ಮಣ್ಣು, ನಡುವೆ ಸಾಲಾಗಿ ಕೋಸು. ನೊಣ ಬರಿ ಮಣ್ಣಿನ ಮೇಲೆ ಇಳಿಯಲು ಇಷ್ಟಪಡುವುದಿಲ್ಲ. ಹಸಿರು ಬೇಕು. ಹಸಿರೆಂದರೆ ಅಲ್ಲಿ ಕೋಸು ಮಾತ್ರ. ಎಷ್ಟು ಸಲ ಇಳಿದರೂ ಸರಿಯಾದ ಎಲೆಯೇ ಸಿಗುತ್ತದೆ. ಎರಡನೆಯ ಹೊಲದಲ್ಲಿ ಕೋಸಿನ ನಡುವೆ ಅಷ್ಟೇ ಹಸಿರಾಗಿ ಕ್ಲೋವರ್ ಇದೆ. ಇಳಿದಾಗ ಕೋಸು ಸಿಗುವುದು ಎರಡಕ್ಕೊಂದು ಸಲ ಎಂದಿಟ್ಟುಕೊಳ್ಳಿ. ಸತತ ಎರಡು ಸಲ ಕೋಸೇ ಸಿಗುವ ಸಂಭವ ನಾಲ್ಕರಲ್ಲಿ ಒಂದು, ಮೂರು ಸಲಕ್ಕೆ ಎಂಟರಲ್ಲಿ ಒಂದು, ನಾಲ್ಕು ಸಲಕ್ಕೆ ಹದಿನಾರರಲ್ಲಿ ಒಂದು. ಇದು ತೀರಾ ಸರಳ ಮಾಡಿದ ಲೆಕ್ಕ, ನಿಜವಾದ ನೊಣ ಇಷ್ಟು ನೇರವಾಗಿ ಎಣಿಸುವುದಿಲ್ಲ. ಆದರೂ ದಿಕ್ಕು ಸರಿಯಿದೆ. ಅವರ ಅಳತೆಯಲ್ಲಿ ಬರಿ ಮಣ್ಣಿನ ನಡುವಿನ ಕೋಸಿನ ಬಳಿ ನೂರಕ್ಕೆ 36 ನೊಣಗಳು ಮೊಟ್ಟೆ ಇಟ್ಟರೆ, ಕ್ಲೋವರ್ ನಡುವಿನ ಕೋಸಿನ ಬಳಿ ಇಟ್ಟದ್ದು ನೂರಕ್ಕೆ 7 ಮಾತ್ರ.

ಇದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಮುಂದಿನದು. ಕ್ಲೋವರ್ ಬದಲು ಅವರು ಹಸಿರು ಕಾಗದದ ತುಂಡುಗಳನ್ನು ನಿಲ್ಲಿಸಿ ನೋಡಿದರು. ಕಾಗದವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಕಾಗದಕ್ಕೆ ಗಿಡದ ವಾಸನೆಯಿಲ್ಲ, ಹುಳು ತಿನ್ನುವ ಹುಳುಗಳಿಗೆ ಅಲ್ಲಿ ಆಸರೆಯಿಲ್ಲ. ಉಳಿದದ್ದು ಹಸಿರು ಬಣ್ಣವೊಂದೇ. ಮುಂದೆ 2003ರಲ್ಲಿ ಘಮಘಮಿಸುವ ಗಿಡಗಳನ್ನೂ ವಾಸನೆಯಿಲ್ಲದ ಗಿಡಗಳನ್ನೂ ಎದುರುಬದುರಿಟ್ಟು ಪರೀಕ್ಷಿಸಿದಾಗ, ಘಮ ಇರುವವು ಬೇರುನೊಣವನ್ನು ಹೆಚ್ಚು ದಾರಿ ತಪ್ಪಿಸಲಿಲ್ಲ.

ವಾಸನೆ ಎಂದೂ ಕೆಲಸ ಮಾಡುವುದಿಲ್ಲ ಎಂದು ಇದರಿಂದ ತೀರ್ಮಾನಿಸಬಾರದು. ಇಂಗ್ಲೆಂಡಿನದೇ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಜಿನಮನೆಯ ಟೊಮೆಟೊ ಜೊತೆಗಿಟ್ಟ ಗಿಡ್ಡ ಜಾತಿಯ ಚೆಂಡುಹೂ ಲಿಮೊನೀನ್ ಎಂಬ ಆವಿಯನ್ನು ಸೂಸಿ ಬಿಳಿನೊಣಗಳ ಏರಿಕೆಯನ್ನು ನಿಧಾನಗೊಳಿಸಿತು. ಅದೂ ಮೊದಲಿನಿಂದ ಜೊತೆಗಿದ್ದರೆ ಮಾತ್ರ. ನೊಣ ತುಂಬಿಕೊಂಡ ಮೇಲೆ ತಂದಿಟ್ಟ ಚೆಂಡುಹೂವಿನಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅಂದರೆ ಎತ್ತರದ ಜಾತಿಯ ಚೆಂಡುಹೂ ಕಾಯಿಕೊರಕವನ್ನು ಕರೆಯುತ್ತದೆ, ಗಿಡ್ಡ ಜಾತಿಯದು ಬಿಳಿನೊಣವನ್ನು ಹಿಮ್ಮೆಟ್ಟಿಸುತ್ತದೆ. ಯಾವ ಹುಳು ಎಂದು ಹೇಳದೆ "ಚೆಂಡುಹೂ ಹಾಕಿ, ಹುಳ ಬರಲ್ಲ" ಎನ್ನುವುದು ಅರ್ಧ ಮಾತು. ಟೊಮೆಟೊಗೆ ತುಳಸಿ, ಕ್ಯಾರೆಟ್‌ಗೆ ಈರುಳ್ಳಿ ಎಂದು ಜೋಡಿ ಹಾಕಿಕೊಟ್ಟ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೊಲದಲ್ಲಿ ಅಳೆದು ನೋಡಿದ ಜೋಡಿಗಳು ಕಡಿಮೆ.

ಕೋಸಿಗೆ ಸಾಸಿವೆಯ ಕಾವಲು

ಎಲೆಕೋಸು ಬೆಳೆದವರಿಗೆ ವಜ್ರಬೆನ್ನಿನ ಪತಂಗವನ್ನು ಪರಿಚಯಿಸಬೇಕಾಗಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಬೂದುಬಣ್ಣದ ಪತಂಗ, ರೆಕ್ಕೆ ಮುಚ್ಚಿ ಕುಳಿತಾಗ ಬೆನ್ನ ಮೇಲೆ ಸಾಲು ವಜ್ರದ ಗುರುತು. ಮರಿಹುಳು ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರಕ್ಕೆ ಒಂದು ಪೀಳಿಗೆ ಮುಗಿಯುತ್ತದೆ. ಪೀಳಿಗೆ ಬೇಗ ಬೇಗ ಉರುಳಿದಷ್ಟೂ ವಿಷಕ್ಕೆ ಬಗ್ಗದ ಸಂತತಿ ಬೇಗ ಮೇಲುಗೈ ಪಡೆಯುತ್ತದೆ. ಜಾವಾ ದ್ವೀಪದಲ್ಲಿ ಡಿಡಿಟಿಗೆ ಈ ಹುಳು ಬಗ್ಗುತ್ತಿಲ್ಲ ಎಂಬ ವರದಿ 1953ರಲ್ಲೇ ಬಂತು. ಬೆಳೆಯ ಹುಳುವೊಂದು ಡಿಡಿಟಿಯನ್ನು ಜೀರ್ಣಿಸಿಕೊಂಡ ಮೊದಲ ವರದಿಗಳಲ್ಲಿ ಅದೂ ಒಂದು. ಮುಂದೆ ಬಂದ ಔಷಧಿಗಳಲ್ಲಿ ಬಹಳಷ್ಟು ಅದೇ ಹಾದಿ ಹಿಡಿದವು. ಬಿಟಿ ಎಂದು ಕರೆಯುವ ಬ್ಯಾಕ್ಟೀರಿಯಾ ದ್ರಾವಣಕ್ಕೂ ಹೊಲದಲ್ಲಿ ಮೊದಲು ಪಳಗಿದ್ದು ಈ ಹುಳುವೇ.

ಹೆಸರಘಟ್ಟದ ಅದೇ ತಂಡ ಟೊಮೆಟೊಗಿಂತ ಮುಂಚೆ, 1991ರಲ್ಲಿ, ಕೋಸಿಗೆ ಸಾಸಿವೆಯ ಬಲೆಬೆಳೆಯನ್ನು ಪ್ರಕಟಿಸಿತ್ತು. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿ ಮಾಡುವುದಕ್ಕೆ 15 ದಿನ ಮುಂಚೆ ಬಿತ್ತಬೇಕು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ. ಇಲ್ಲೂ ದಿನಗಳ ಲೆಕ್ಕದಲ್ಲೇ ತಾಯಿಯ ಮನಸ್ಸು ಅಡಗಿದೆ. ಸಾಸಿವೆ ಬೇಗ ಬೆಳೆದು ಬೇಗ ಹಣ್ಣಾಗುವ ಗಿಡ. ಎಳೆಯದಾಗಿ, ರಸಭರಿತವಾಗಿ ಇರುವವರೆಗೆ ಅದರ ಘಾಟು ಕೋಸಿನದ್ದನ್ನು ಮೀರಿಸಿ ಕರೆಯುತ್ತದೆ. ಕಾಯಿಕಟ್ಟಿ ಎಲೆ ಒರಟಾದ ಮೇಲೆ ಕರೆ ನಿಲ್ಲುತ್ತದೆ. ಕೋಸಿನ ಗಡ್ಡೆ ಕಟ್ಟುವ ಹೊತ್ತಿಗೆ ಮೊದಲ ಸಾಲಿನ ಯೌವನ ಮುಗಿದಿರುತ್ತದೆ, ಆಗ ಎರಡನೆಯ ಸಾಲು ಕೆಲಸಕ್ಕೆ ಬರಬೇಕು. ಗಡ್ಡೆ ಹೆಣೆಯುವ ಹುಳು, ಕೋಸಿನ ಹೇನು ಕೂಡ ಈ ಸಾಸಿವೆಗೆ ಒಲಿಯುತ್ತವೆ.

ಇಲ್ಲೊಂದು ಅಪಾಯವಿದೆ, ಅದನ್ನು ಒತ್ತಿ ಹೇಳಬೇಕು. ಸಾಸಿವೆ ಸಾಲಿಗೆ ಬಂದ ಹುಳುಗಳು ಅಲ್ಲೇ ಹೊಟ್ಟೆ ತುಂಬ ತಿಂದು, ಪತಂಗವಾಗಿ, ಮೂರು ವಾರಕ್ಕೆ ಕೋಸಿಗೇ ಬರುತ್ತವೆ. ಬಲೆಬೆಳೆ ಹಾಕಿ ಸುಮ್ಮನೆ ಬಿಟ್ಟವರು ಹುಳುವಿಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಆ ಎರಡು ಸಾಲಿಗಾದರೂ ಬೇವಿನ ಬೀಜದ ಕಷಾಯವನ್ನೋ ಬೇರೆ ಸರಿಯಾದ ಔಷಧಿಯನ್ನೋ ಹೊಡೆಯಲೇಬೇಕು. ಹೊಲವಿಡೀ ಹೊಡೆಯುವ ಬದಲು 27 ಸಾಲಿನಲ್ಲಿ ಎರಡಕ್ಕೆ ಹೊಡೆದರೆ ಸಾಕು ಎಂಬುದೇ ಇದರ ಲಾಭ. ಚೆಂಡುಹೂವಿನಲ್ಲಿ ಈ ಕೆಲಸ ಇನ್ನೂ ಸಲೀಸು. ಹುಳು ಸೇರಿದ ಹೂಗಳನ್ನು ಕಿತ್ತು ನಾಶ ಮಾಡಬಹುದು.

ಬೇರೆ ದೇಶಗಳಲ್ಲಿ ಸಾಸಿವೆಯ ಬಲೆ ಎಲ್ಲ ಕಡೆ ಒಂದೇ ರೀತಿ ಫಲ ಕೊಟ್ಟಿಲ್ಲ. ಹವೆ, ಸಾಸಿವೆಯ ತಳಿ, ಸಾಲುಗಳ ಅನುಪಾತ ಬದಲಾದರೆ ಫಲವೂ ಬದಲಾಗುತ್ತದೆ. ಆದ್ದರಿಂದ ಅಮೆರಿಕದ ಕೆಲವು ಸಂಶೋಧಕರು ಹಳದಿ ಹೂವಿನ ಬಾರ್ಬೇರಿಯಾ ಎಂಬ ಕಳೆಯತ್ತ ತಿರುಗಿದರು. ಇದೂ ಸಾಸಿವೆಯ ಕುಟುಂಬದ್ದೇ. ವಜ್ರಬೆನ್ನಿನ ತಾಯಿಗೆ ಕೋಸಿಗಿಂತ ಇದರ ಮೇಲೆ ಹೆಚ್ಚು ಪ್ರೀತಿ. ಆದರೆ ಇದರ ಎಲೆಯಲ್ಲಿ ಸೀಗೆ, ಅಂಟುವಾಳದಲ್ಲಿ ನೊರೆ ಬರಿಸುವಂಥ ಸಪೋನಿನ್ ಜಾತಿಯ ವಸ್ತುಗಳಿವೆ, ಮರಿಗಳು ಬದುಕುವುದಿಲ್ಲ. ತಾಯಿಯ ಕಾಲಿಗೆ ಘಾಟಿನ ಗುರುತು ತಿಳಿಯುತ್ತದೆ, ಈ ವಿಷ ತಿಳಿಯುವುದಿಲ್ಲ. ಹೀಗಾಗಿ ಈ ಬಲೆ ಹುಳುವಿಗೆ ತೊಟ್ಟಿಲಾಗುವುದಿಲ್ಲ. ಆದರೆ ಕೋಸು ಬೆಳೆಯುವ ಎಲ್ಲ ಕಡೆಯೂ ಈ ಗಿಡ ಬೆಳೆಯುವುದಿಲ್ಲ. ಅದಕ್ಕೆ ತಂಪು ಹವೆ ಬೇಕು.

ಅಂಚಿನ ಜೋಳ

ಹೀರೆ, ಹಾಗಲ, ಸೌತೆಯ ಕಾಯಿ ಸೊಟ್ಟಗಾಗಿ ಕೊಳೆಯುವುದು ಹಣ್ಣುನೊಣದಿಂದ. ಅದರ ತಾಯಿ ಬಳ್ಳಿಯ ಮೇಲೆ ವಾಸ ಮಾಡುವುದಿಲ್ಲ. ಹವಾಯಿ ದ್ವೀಪಗಳಲ್ಲಿ 1950ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ, ಈ ನೊಣಗಳು ಹೊಲದಂಚಿನ ಮುಸುಕಿನ ಜೋಳದಂಥ ಎತ್ತರದ ಗಿಡಗಳಲ್ಲಿ ತಂಗಿ, ಹೆಣ್ಣುಗಳು ಮೊಟ್ಟೆಯಿಡಲಷ್ಟೇ ಬಳ್ಳಿಗೆ ಬಂದು ಹೋಗುತ್ತವೆ ಎಂಬುದು ಸ್ಪಷ್ಟವಾಯಿತು. ಕಾಯಿಗೆ ಔಷಧಿ ಹೊಡೆದವರು ನೊಣ ಇಲ್ಲದ ಜಾಗಕ್ಕೆ ಹೊಡೆಯುತ್ತಿದ್ದರು. ಬಳ್ಳಿಯ ಸುತ್ತ ಜೋಳದ ಸಾಲು ಬೆಳೆಸಿ, ವಿಷ ಬೆರೆಸಿದ ಆಮಿಷವನ್ನು ಜೋಳದ ಎಲೆಗೆ ಹಾಕುವುದು ಅಲ್ಲಿಂದ ಬಂದ ಉಪಾಯ. ನಾವು ತಿನ್ನುವ ಕಾಯಿಗೆ ಹನಿ ಔಷಧಿಯೂ ತಾಗುವುದಿಲ್ಲ.

ಮೆಣಸಿನಕಾಯಿಯ ಸುತ್ತ ಹಾಕುವ ಜೋಳದ ಕೆಲಸ ಬೇರೆ. ಮೆಣಸಿನ ಗಿಡಕ್ಕೆ ಹೇನುಗಳು ತರುವ ಕೆಲವು ನಂಜುರೋಗಗಳು ಹೇನಿನ ಸೂಜಿಬಾಯಿಯ ತುದಿಗಷ್ಟೇ ಅಂಟಿಕೊಂಡು ಬರುತ್ತವೆ. ಹೇನು ಗಾಳಿಯಲ್ಲಿ ತೇಲಿ ಬಂದು ಮೊದಲು ಸಿಕ್ಕ ಹಸಿರಿನ ಮೇಲೆ ಇಳಿದು, ಚುಚ್ಚಿ ರುಚಿ ನೋಡುತ್ತದೆ. ಆ ಮೊದಲ ಹಸಿರು ಅಂಚಿನ ಜೋಳವಾದರೆ ಚುಚ್ಚಿ ನೋಡುವುದರಲ್ಲೇ ಬಾಯಿಗಂಟಿದ ನಂಜು ಅಲ್ಲೇ ಉಳಿಯುತ್ತದೆ, ಜೋಳಕ್ಕೆ ಅದರಿಂದ ರೋಗವಿಲ್ಲ. ಇಲ್ಲಿಯೂ ನಮಗೆ ನೆರವಾದದ್ದು ಹುಳುವಿನ ಪರೀಕ್ಷಿಸುವ ಗುಣವೇ.

ಟೊಮೆಟೊ ಎಲೆಮುದುಡು ರೋಗಕ್ಕೆ ಮಾತ್ರ ಈ ಉಪಾಯವನ್ನು ನೆಚ್ಚಿಕೊಳ್ಳಬೇಡಿ. ಅದನ್ನು ತರುವ ಬಿಳಿನೊಣದ ಹೊಟ್ಟೆಯೊಳಕ್ಕೇ ನಂಜು ಸೇರಿರುತ್ತದೆ, ಚುಚ್ಚಿದಷ್ಟಕ್ಕೆ ತೊಳೆದುಹೋಗುವುದಿಲ್ಲ. ಜೋಳದ ತಡೆ ನೊಣದ ಬರವನ್ನು ಸ್ವಲ್ಪ ನಿಧಾನಿಸಬಹುದು. ಸಸಿಯನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು ಅದಕ್ಕಿಂತ ಮುಖ್ಯ.

ಇನ್ನೊಬ್ಬ ತಾಯಿ

ಇಲ್ಲಿಯವರೆಗೆ ಬೆಳೆ ತಿನ್ನುವ ಹುಳುವಿನ ತಾಯಿಯ ಮಾತಾಯಿತು. ಆ ಹುಳುವಿನ ಮೈಯಲ್ಲೇ ಮೊಟ್ಟೆ ಇಡುವ ಕಣಜದ ತಾಯಿಯೂ ಹೊಲದಲ್ಲಿದ್ದಾಳೆ. ವಜ್ರಬೆನ್ನಿನ ಮರಿಹುಳುವನ್ನು ಚುಚ್ಚಿ ಮೊಟ್ಟೆ ಇಡುವ ಕೊಟೇಸಿಯಾ ಎಂಬ ಪುಟ್ಟ ಕಣಜ ನಮ್ಮ ಕೋಸಿನ ಹೊಲಗಳಲ್ಲಿ ಸಹಜವಾಗಿಯೇ ಇದೆ. ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಟ್ರೈಕೊಗ್ರಾಮ ಬರಿಗಣ್ಣಿಗೆ ಚುಕ್ಕೆಯಂತೆ ಕಂಡರೆ ಹೆಚ್ಚು. ಇವುಗಳ ಮಕ್ಕಳಿಗೆ ಹುಳುವೇ ಊಟ, ತಾಯಿಗೆ ಮಾತ್ರ ಮಕರಂದ ಬೇಕು. ಮಕರಂದ ಸಿಕ್ಕ ಕಣಜ ಹೆಚ್ಚು ದಿನ ಬದುಕುತ್ತದೆ, ಹೆಚ್ಚು ಹುಳುಗಳನ್ನು ಚುಚ್ಚುತ್ತದೆ. ಅವುಗಳ ನಾಲಿಗೆ ಗಿಡ್ಡ, ಆಳದ ಹೂವಿನ ತಳಕ್ಕೆ ಮುಟ್ಟುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸೋಂಪಿನ ಹೂಗಳಲ್ಲಿ ಮಕರಂದ ತೆರೆದ ತಟ್ಟೆಯಲ್ಲಿಟ್ಟಂತೆ ಮೇಲೆಯೇ ಇರುತ್ತದೆ. ನಾವು ಎಲೆಗೆಂದು ಬೆಳೆದ ಕೊತ್ತಂಬರಿಯನ್ನು ಹೂಬಿಡುವ ಮುಂಚೆಯೇ ಕಿತ್ತು ಮಾರುತ್ತೇವೆ. ಒಂದು ಮಡಿಯನ್ನು ಹೂಬಿಡಲು ಬಿಟ್ಟರೆ ಕಣಜಕ್ಕೆ ಅದೇ ಅನ್ನಛತ್ರ.

ಅಲಸಂದೆಯ ಸಾಲು ಇನ್ನೊಂದು ಬಗೆಯದು. ಅಲಸಂದೆಗೆ ಮುತ್ತುವ ಕಪ್ಪು ಹೇನು ಕೋಸಿಗೆ ಬರುವುದಿಲ್ಲ. ಆದರೆ ಆ ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳು ಕೋಸಿನ ಹೇನನ್ನೂ ಬಿಡುವುದಿಲ್ಲ. ಹೇನು ಮೆತ್ತಿದ ಅಲಸಂದೆ ಕುಡಿಯನ್ನು ಕಂಡ ತಕ್ಷಣ ಔಷಧಿ ಡಬ್ಬಿ ತೆಗೆಯುವ ಮುಂಚೆ, ಅದರ ಮೇಲೆ ಗುಲಗಂಜಿ ಹುಳುಗಳಿವೆಯೇ ಎಂದು ನೋಡುವುದು ಒಳ್ಳೆಯದು.

ಈ ಎಲ್ಲ ಉಪಾಯಗಳ ಒಟ್ಟು ಬಲ ಎಷ್ಟು? 1991ರಲ್ಲಿ ಡೇವಿಡ್ ಆಂಡೋ ಎಂಬ ಅಮೆರಿಕದ ವಿಜ್ಞಾನಿ 209 ಅಧ್ಯಯನಗಳನ್ನು ಒಟ್ಟುಗೂಡಿಸಿ ಬೆಳೆ ತಿನ್ನುವ 287 ಬಗೆಯ ಹುಳುಗಳ ಲೆಕ್ಕ ತೆಗೆದರು. ಮಿಶ್ರಬೆಳೆಯಲ್ಲಿ ನೂರಕ್ಕೆ 52 ಬಗೆಯ ಹುಳುಗಳು ಕಡಿಮೆಯಾಗಿದ್ದವು, ನೂರಕ್ಕೆ 15 ಬಗೆಯವು ಹೆಚ್ಚಾಗಿದ್ದವು. ಉಳಿದವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಇಲ್ಲವೇ ಒಂದೊಂದು ಕಡೆ ಒಂದೊಂದು ಥರ. ಹೆಚ್ಚಾದ ಆ ಹದಿನೈದನ್ನು ಮರೆಯಬಾರದು. ಎಲ್ಲ ಗಿಡಗಳನ್ನೂ ತಿನ್ನುವ ಹುಳುವಿಗೆ ಮಿಶ್ರಬೆಳೆ ಗೊಂದಲವಲ್ಲ, ಹಬ್ಬದೂಟ. ದಾರಿ ತಪ್ಪುವುದು ಮುಖ್ಯವಾಗಿ ಒಂದೇ ಕುಟುಂಬದ ಗಿಡವನ್ನು ನೆಚ್ಚಿಕೊಂಡ ಹುಳು.

ಅಕ್ಕಡಿ ಸಾಲು

ಇದನ್ನೆಲ್ಲ ಓದಿದ ಬಯಲುಸೀಮೆಯವರಿಗೆ ಅಕ್ಕಡಿ ಸಾಲು ನೆನಪಾಗದೆ ಇರದು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಜೋಳವೋ ಹರಳೋ. ಹಿರಿಯರು ಕೀಟವಿಜ್ಞಾನ ತಿಳಿದೇ ಹೀಗೆ ಮಾಡಿದರು ಎಂದು ಹೇಳಲು ನನಗೆ ಮನಸ್ಸಿಲ್ಲ. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆಯಾದರೂ ಸಿಗಲಿ, ಮನೆಗೆ ಬೇಳೆ, ಒಗ್ಗರಣೆಗೆ ಸಾಸಿವೆ, ದನಕ್ಕೆ ಮೇವು ಎಲ್ಲ ಒಂದೇ ಹೊಲದಲ್ಲಿ ಆಗಲಿ ಎಂಬುದು ಅವರ ಮುಖ್ಯ ಲೆಕ್ಕವಾಗಿತ್ತು, ಅದೇ ದೊಡ್ಡ ಜಾಣತನ. ಹುಳುವಿನ ತಾಯಿಗೆ ಎರಡಕ್ಕೊಂದು ಸಲ ತಪ್ಪು ಎಲೆ ಸಿಗುವ ಹೊಲ ಅದರ ಜೊತೆಗೇ ಬಂದ ಲಾಭ. ನೀರಾವರಿ ತರಕಾರಿಗೆ ತಿರುಗಿದಾಗ ನಾವು ಅಕ್ಕಡಿಯನ್ನು ರಾಗಿ ಹೊಲದಲ್ಲೇ ಬಿಟ್ಟು ಬಂದೆವು. ಎಕರೆಗಟ್ಟಲೆ ಒಂದೇ ಗಿಡ, ನಡುವೆ ಬರಿ ಮಣ್ಣು, ಇಲ್ಲವೇ ಪ್ಲಾಸ್ಟಿಕ್ ಹೊದಿಕೆ. ಇಳಿದಲ್ಲೆಲ್ಲ ಸರಿಯಾದ ಎಲೆ.

ಹಾಗೆಂದು ತರಕಾರಿ ಹೊಲದಲ್ಲಿ ಕಳೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಟೊಮೆಟೊ ಎಲೆಮುದುಡಿನ ನಂಜಿಗೆ ಆಸರೆಯಾಗುವ ಕಳೆಗಳಿವೆ. ಬೇಕಾದ್ದು ನಾವೇ ಆರಿಸಿದ ಹಸಿರು. ಅದಕ್ಕೂ ಬೆಲೆ ತೆರಬೇಕು. ವೆಲ್ಸ್‌ಬರ್ನ್‌ನ ಕ್ಲೋವರ್ ನೊಣವನ್ನು ತಡೆಯಬೇಕಾದರೆ ಕೋಸಿನ ಅರ್ಧ ಎತ್ತರದವರೆಗೆ ಬೆಳೆದಿರಬೇಕಿತ್ತು. ಅಷ್ಟು ಬೆಳೆದ ಕ್ಲೋವರ್ ನೀರು, ಗೊಬ್ಬರ ಹಂಚಿಕೊಂಡು ಕೋಸಿನ ಗಡ್ಡೆಯನ್ನು ಚಿಕ್ಕದು ಮಾಡುತ್ತಿತ್ತು. ರೈತರು ಅದನ್ನು ಕೈಗೆತ್ತಿಕೊಳ್ಳದಿರಲು ಈ ಕಾರಣ ಸಾಕು. 25 ಸಾಲಿಗೆ ಎರಡೇ ಸಾಲು ಕೇಳುವ ಸಾಸಿವೆ, 16ಕ್ಕೆ ಒಂದು ಕೇಳುವ ಚೆಂಡುಹೂ ನಮ್ಮಲ್ಲಿ ಹೆಚ್ಚು ನಡೆಯುವಂಥವು. ಚೆಂಡುಹೂವಿಗೆ ದಸರಾ, ದೀಪಾವಳಿಯ ಸಂತೆಯಲ್ಲಿ ಬೆಲೆಯೂ ಉಂಟು. ಕಾಯಿಕೊರಕ ಇಲ್ಲದ ಹೂವನ್ನಷ್ಟೇ ಆರಿಸಿ ಮಾರಬೇಕು.

ಟೊಮೆಟೊ ಬೆಳೆಗಾರರಿಗೆ ಈಗ ಇನ್ನೊಂದು ತಾಯಿ ಎದುರಾಗಿದ್ದಾಳೆ. ದಕ್ಷಿಣ ಅಮೆರಿಕ ಮೂಲದ ಟೂಟಾ ಎಂಬ ಸಣ್ಣ ಪತಂಗ 2014ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಹೊಲಗಳಲ್ಲಿ ಕಾಣಿಸಿಕೊಂಡಿತು. ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು, ಕಾಯಿಗೆ ಗುಂಡುಸೂಜಿಯಿಂದ ಚುಚ್ಚಿದಂಥ ತೂತು ಹಾಕುವುದು ಇದರ ಗುರುತು. ಇದರ ತಾಯಿ ಹುಡುಕುವುದು ಟೊಮೆಟೊ, ಆಲೂಗಡ್ಡೆ, ಬದನೆಯ ಕುಟುಂಬವನ್ನು. ಅದರಲ್ಲೂ ಟೊಮೆಟೊ ಎಂದರೆ ಪ್ರಾಣ, ಚೆಂಡುಹೂವಿನ ಸಾಲಿನತ್ತ ಅವಳು ತಿರುಗುವುದಿಲ್ಲ. ಟೊಮೆಟೊವನ್ನು ಮೀರಿಸಿ ಅವಳನ್ನು ಕರೆಯುವ ಗಿಡವೊಂದು ನಮ್ಮ ರೈತರ ಕೈಗೆ ಬರುವವರೆಗೆ ಉಳಿದಿರುವ ದಾರಿಗಳಲ್ಲಿ ಕೆಲವು ಇವು: ಸುರಂಗ ಬಿದ್ದ ಎಲೆಗಳನ್ನು ಕಿತ್ತು ಸುಡುವುದು, ಮೋಹಕ ಬಲೆ ಕಟ್ಟಿ ಗಂಡುಗಳನ್ನು ಹಿಡಿಯುವುದು, ಮುಗಿದ ಬೆಳೆಯ ಗಿಡಗಳನ್ನು ಹೊಲದಲ್ಲೇ ಒಣಗಲು ಬಿಡದೆ ಅಂದೇ ತೆಗೆಯುವುದು.